ನೆಲಮಾಳಿಗೆಯ ಮೇಸ್ತ್ರಿ

ಆಸ್ಪತ್ರೆಯ ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲಿನ ನಾಲ್ಕು ಮಹಡಿಗಳ ಕೊಳೆ ಬೆಡ್‌ಶೀಟುಗಳು ಒಂದು ದೊಡ್ಡ ಕೊಳವೆಯೊಳಗಿಂದ ಧೊಪ್ಪೆಂದು ಬಂದು ಬೀಳುತ್ತಿದ್ದವು. ಒಗೆದು, ಹಿಂಡಿ, ರೋಲರಿನಡಿ ಇಸ್ತ್ರಿಯಾಗಿ, ಮಡಿಕೆಯಾಗಿ ಮತ್ತೆ ಲಿಫ್ಟಿನಲ್ಲಿ ಮೇಲೆ ಹೋಗುತ್ತಿದ್ದವು. ಕಿಟಕಿ ಅಂತ ಇದ್ದದ್ದು ಒಂದೇ. ಅದೂ ಸೂರಿಗೆ ಅಂಟಿಕೊಂಡ ಹಾಗೆ, ಒಂದು ಮೊಳ ಅಗಲ. ಅದರಲ್ಲಿ ಕಾಣುತ್ತಿದ್ದದ್ದು ರಸ್ತೆಯಲ್ಲಿ ಓಡಾಡುವವರ ಪಾದಗಳು ಮಾತ್ರ.

ಅವಳು ಹತ್ತೊಂಬತ್ತು ವರ್ಷ ಅಲ್ಲಿ ಬಟ್ಟೆ ಮಡಿಸಿದ್ದಳು. ಬೇಸರ ಅನ್ನುವುದು ಅವಳಿಗೆ ಬಂದಿರಲಿಲ್ಲ. ಬಿಸಿ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಒದರಿ, ಅಂಚಿಗೆ ಅಂಚು ಕೂರಿಸಿ, ಅಂಗೈಯಿಂದ ಒಮ್ಮೆ ಸವರಿದರೆ ಅವಳ ಮನಸ್ಸೂ ಹಾಗೇ ಮಡಿಕೆಯಾಗಿ ಕೂತುಬಿಡುತ್ತಿತ್ತು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ಯಾರೂ ಅವಳಿಗೆ ಏನೂ ಹೇಳಬೇಕಾಗಿರಲಿಲ್ಲ. ಮಾತೆಲ್ಲ ಗುಬ್ಬಿಯದು. ಗುಬ್ಬಿ ಅಂದರೆ ರೋಲರಿಗೆ ಬಟ್ಟೆ ಕೊಡುವ ಹೆಂಗಸು, ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಗೆಳತಿ. ಐದಡಿ ಎತ್ತರವೂ ಇಲ್ಲ, ಬಾಯಿಗೆ ಮಾತ್ರ ರಜೆ ಇಲ್ಲ.

ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮೇಸ್ತ್ರಿ ಮಗಳು ಅಂತಲೇ. ಮೇಸ್ತ್ರಿ ಅವಳ ಅಪ್ಪ. ಇಪ್ಪತ್ತಾರು ವರ್ಷ ಆ ನೆಲಮಾಳಿಗೆಯನ್ನು ನಡೆಸಿದವರು. ಅವರು ನಿವೃತ್ತರಾಗಿ ಆರು ವರ್ಷವಾದರೂ "ಮೇಸ್ತ್ರಿ ಇದ್ದಾಗ" ಅಂತ ಶುರುವಾಗದ ದೂರು ಅಲ್ಲಿರಲಿಲ್ಲ. ಅವರ ನಂತರ ಬಂದ ಇಬ್ಬರು ಸೂಪರ್‌ವೈಸರುಗಳಲ್ಲಿ ಒಬ್ಬ ಒಂದೂವರೆ ವರ್ಷಕ್ಕೆ ಬೇರೆ ಕೆಲಸ ನೋಡಿಕೊಂಡ. ಇನ್ನೊಬ್ಬ ಹೇಗೋ ನಾಲ್ಕು ವರ್ಷ ನೂಕಿ, ಒಂದು ಸೋಮವಾರ ಬೆಳಿಗ್ಗೆ ಬೀಗದ ಕೈಗಳ ಗೊಂಚಲನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ಕೆಳಗೆ ಬಂದು ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೋದ. ಯಾರಿಗೂ ಬರ್ತೀನಿ ಅಂತಲೂ ಹೇಳಲಿಲ್ಲ.

ಅದೇ ಗುರುವಾರ ಮ್ಯಾನೇಜರು ಅವಳನ್ನು ಮೇಲಕ್ಕೆ ಕರೆಸಿದರು.

"ಕೂತ್ಕೊಳ್ಳಮ್ಮ."

ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಕೂತುಕೋ ಅಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

"ಇನ್ಮೇಲೆ ಲಾಂಡ್ರಿ ನೀನೇ ನೋಡ್ಕೋಬೇಕು," ಅಂದರು ಮ್ಯಾನೇಜರು.

"ಬೇಡ ಸಾರ್. ನನ್ನ ಕೈಲಿ ಆಗಲ್ಲ."

"ಆಗುತ್ತೆ. ನಿಮ್ಮಪ್ಪನ ರಕ್ತ ಅಲ್ವಾ."

"ನಂಗೆ ನಾಲ್ಕು ಜನರ ಮುಂದೆ ಮಾತಾಡೋಕೇ ಬರಲ್ಲ ಸಾರ್. ಮಡಿಸೋದೊಂದು ಗೊತ್ತು."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ಬಿಚ್ಚಿ ಹೇಳ್ತೀನಿ. ಮೇಲಿನವರು ಲಾಂಡ್ರಿನೇ ಮುಚ್ಚಿ, ಹೊರಗಿನ ಕಂಪನಿಗೆ ಕೊಟ್ಬಿಡೋಣ ಅಂತಿದ್ದಾರೆ. ಮೇಸ್ತ್ರಿ ಮಗಳಿದ್ದಾಳೆ, ಒಂದು ವರ್ಷ ಟೈಮ್ ಕೊಡಿ ಅಂತ ನಾನು ಹೇಳಿ ಬಂದಿದ್ದೀನಿ. ನೀನು ಒಲ್ಲೆ ಅಂದ್ರೆ ಹದಿನಾಲ್ಕು ಜನ ಮನೆಗೆ. ಅದರಲ್ಲಿ ನೀನೂ ಒಬ್ಬಳು."

ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಇಳಿದಿತ್ತು. ಯಂತ್ರಗಳು ಓಡುತ್ತಲೇ ಇದ್ದವು, ಆದರೆ ಎಲ್ಲರೂ ಕೈಬಿಟ್ಟು ಅವಳನ್ನೇ ನೋಡುತ್ತಿದ್ದರು.

"ಒಪ್ಕೊಂಡೆ ತಾನೆ?" ಅಂದಳು ಗುಬ್ಬಿ. "ಏ, ಮಾತಾಡೇ. ನಮ್ಮನ್ನೆಲ್ಲ ನಡುನೀರಲ್ಲಿ ಬಿಡಲ್ಲ ತಾನೆ?"

ಮನೆಯಲ್ಲಿ ಅಪ್ಪ ರೇಡಿಯೋ ಆರಿಸಿ, ಪೂರ್ತಿ ಕೇಳಿಸಿಕೊಂಡು, ತೊಡೆ ತಟ್ಟಿಕೊಂಡರು. "ಇಷ್ಟು ಗೊತ್ತಾಗೋಕೆ ಅವರಿಗೆ ಆರು ವರ್ಷ ಬೇಕಾಯ್ತಾ?"

"ನಂಗೆ ಬರಲ್ಲ ಅಪ್ಪ."

"ಬರೋದು ಬಿಡೋದು ಅಲ್ಲ ಕಣಮ್ಮ ಇದು. ಕಲಿಸಿ ಬರೋ ವಿದ್ಯೆನೂ ಅಲ್ಲ. ಇಲ್ಲಿರಬೇಕು." ಎದೆಯ ಮೇಲೆ ಗುದ್ದಿಕೊಂಡರು. "ಇದ್ದವರಿಗೆ ಇರುತ್ತೆ, ಇಲ್ಲದವರಿಗೆ ತಲೆಕೆಳಗಾಗಿ ನಿಂತ್ರೂ ಇಲ್ಲ."

"ನನ್ನಲ್ಲಿ ಇಲ್ಲ ಅದು."

"ಎಲ್ಲಿಗೆ ಹೋಗುತ್ತೆ? ನಿಮ್ಮಮ್ಮನ ಮೂಗು ಬಂದಿಲ್ವಾ ನಿಂಗೆ, ಕೇಳ್ದೇನೇ? ಹಾಗೇ ಇದೂ ಬಂದಿರುತ್ತೆ."

ಅವಳ ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದ. ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದು ಮನೆಯಲ್ಲಿ ಅಳೆದು ತೂಗಿ ಮಾತಾಡುವವನು. ಪಾತ್ರೆ ಒರೆಸುತ್ತ ಮೆಲ್ಲಗೆ ಕೇಳಿದ, "ಬೇಡ ಅಂದ್ರೆ ಬೇಡ ಅನ್ನಬಹುದಿತ್ತಲ್ಲ?"

"ಅಂದೆ."

"ಏನಂದ್ರು?"

"ಯಾರೂ ಕೇಳಿಸ್ಕೊಳ್ಳಲಿಲ್ಲ."

ಮುಂದಿನ ಸೋಮವಾರದಿಂದ ಅವಳು ಮೇಸ್ತ್ರಿ ಮಗಳು ಹೋಗಿ ಮೇಸ್ತ್ರಿಯಾದಳು. ಲಾಂಡ್ರಿಯ ಮೂಲೆಯಲ್ಲಿ ಮೂರು ಕಡೆ ಗಾಜಿನ ಒಂದು ಕೋಣೆ ಇತ್ತು. ಅಲ್ಲಿ ಕೂತರೆ ಎಲ್ಲರೂ ಕಾಣುತ್ತಾರೆ ಅಂತ ಅಪ್ಪ ಅದನ್ನು ಹೊಗಳುತ್ತಿದ್ದರು. ಅವಳಿಗೆ ಅಲ್ಲಿ ಕೂತ ಮೊದಲ ದಿನವೇ ತಿಳಿದದ್ದು, ಎಲ್ಲರಿಗೂ ತಾನೂ ಕಾಣುತ್ತೇನೆ ಅನ್ನುವುದು. ಮೂಗು ತುರಿಸಿಕೊಳ್ಳಲೂ ಹಿಂಜರಿಕೆ. ಹತ್ತು ನಿಮಿಷಕ್ಕೆ ಎದ್ದು ಮಡಿಸುವ ಮೇಜಿಗೆ ಬಂದುಬಿಡುತ್ತಿದ್ದಳು.

ಹೇಳಿ ಕೆಲಸ ಮಾಡಿಸುವುದು ಅವಳಿಗೆ ಸಾಲ ಕೇಳಿದ ಹಾಗಾಗುತ್ತಿತ್ತು. ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುವವನೊಬ್ಬ ಇದ್ದ, ಐವತ್ತೈದು ದಾಟಿದವನು. ನಿಮಿಷಕ್ಕೊಮ್ಮೆ ಗೋಡೆ ಗಡಿಯಾರ ನೋಡುತ್ತಾನೆಂದು ಅವನಿಗೆ ಗಡಿಯಾರ ಅಂತಲೇ ಹೆಸರು.

"ಅಣ್ಣಾ, ಬೇಜಾರಿಲ್ಲ ಅಂದ್ರೆ ಆ ಎರಡನೇ ಯಂತ್ರಕ್ಕೂ ಬಟ್ಟೆ ತುಂಬ್ತೀರಾ?" ಅಂತ ಅವಳು ಕೇಳುವಳು.

"ತುಂಬೋಣ, ತುಂಬೋಣ. ಅದೇನು ಓಡಿ ಹೋಗುತ್ತಾ?" ಅನ್ನುವನು ಗಡಿಯಾರ, ಒಂದು ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ. ಕಾಲು ಗಂಟೆ ಕಾದು ಅವಳೇ ಹೋಗಿ ತುಂಬುವಳು. ಹೀಗೆ ತುಂಬುವುದು, ಹಿಂಡುವುದು, ಮಡಿಸುವುದು ಎಲ್ಲವನ್ನೂ ಅವಳೇ ಮೈಮೇಲೆ ಹಾಕಿಕೊಂಡಳು. ಎರಡೇ ವಾರದಲ್ಲಿ ಕೊಳವೆಯ ಕೆಳಗೆ ಕೊಳೆ ಬಟ್ಟೆಯ ಗುಡ್ಡೆ ಬಿತ್ತು. ಮೂರನೇ ವಾರ ಆಪರೇಷನ್ ಥಿಯೇಟರಿನ ನರ್ಸು ತಾನೇ ಕೆಳಗಿಳಿದು ಬಂದು, ಹಸಿರು ಬಟ್ಟೆ ಸಾಲದೆ ಡಾಕ್ಟರರ ಬಾಯಲ್ಲಿ ತಾನು ಏನೇನು ಅನಿಸಿಕೊಂಡೆ ಅನ್ನುವುದನ್ನು ಎಲ್ಲರ ಮುಂದೆ ಒಪ್ಪಿಸಿ ಹೋದಳು. ಮೇಸ್ತ್ರಿ ಮಗಳಿಗೆ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಗಾಳಿ ಕಡಿಮೆಯಾದ ಹಾಗೆ.

"ಸಾರ್, ನಿಮಗೇ ಕಾಣ್ತಿದೆಯಲ್ಲ," ಅಂದಳು ಮ್ಯಾನೇಜರಿಗೆ. "ನನ್ನನ್ನ ಬಿಟ್ಬಿಡಿ."

ಅವರು ನಕ್ಕರು. "ಒಳಗಿರೋದು ಹೊರಗೆ ಬರೋಕೆ ಸ್ವಲ್ಪ ಸಾಣೆ ಬೇಕು ಅಷ್ಟೆ. ಮೂರು ದಿನದ ತರಬೇತಿಗೆ ಹೆಸರು ಕೊಟ್ಟಿದ್ದೀನಿ."

ತರಬೇತಿ ಒಂದು ಹೋಟೆಲಿನ ಸಭಾಂಗಣದಲ್ಲಿ. ನೆಲಕ್ಕೆ ದಪ್ಪ ಜಮಖಾನ, ಎಳೆದು ಮುಚ್ಚಿದ ಪರದೆಗಳು, ಮೈ ನಡುಗುವಷ್ಟು ಏಸಿ. ಬ್ಯಾಂಕಿನವರು, ಔಷಧಿ ಅಂಗಡಿ ನಡೆಸುವವರು, ಒಂದು ಗೋದಾಮಿನ ಯಜಮಾನ. ಅವರ ನಡುವೆ ಇವಳು, ಮಡಿಲಲ್ಲಿ ಹೊಸ ನೋಟ್‌ಬುಕ್ಕು ಇಟ್ಟುಕೊಂಡು. ಕಲಿಸಲು ಬಂದವಳು ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ನಾಯಕರು ಹುಟ್ಟುವುದಿಲ್ಲ, ತಯಾರಾಗುತ್ತಾರೆ.

"ಇದು ಸೈಕಲ್ ಹೊಡೆಯೋ ಹಾಗೆ," ಅಂದಳು. "ಯಾರು ಬೇಕಾದ್ರೂ ಕಲೀಬಹುದು. ನಂಗೆ ಬರಲ್ಲ ಅನ್ನೋ ಮಾತೇ ಇಲ್ಲ."

ಮೇಸ್ತ್ರಿ ಮಗಳು ಪೆನ್ನು ಕೆಳಗಿಟ್ಟಳು. ಅಪ್ಪನ ಮಾತೇ ಸರಿಯಾಗಿದ್ದರೆ ತನ್ನಲ್ಲಿ ಅದು ಇಲ್ಲ ಅಂತ ಇಂದಲ್ಲ ನಾಳೆ ಎಲ್ಲರಿಗೂ ಗೊತ್ತಾಗಿ ಬಿಡುಗಡೆ ಆಗುತ್ತದೆ ಅಂತ ಅವಳು ಒಳಗೊಳಗೇ ನೆಚ್ಚಿಕೊಂಡಿದ್ದಳು. ಈ ಹೆಂಗಸು ಆ ಬಾಗಿಲಿಗೂ ಚಿಲಕ ಹಾಕುತ್ತಿದ್ದಾಳಲ್ಲ! ಎರಡನೇ ದಿನ ಧೈರ್ಯ ಮಾಡಿ ಕೈಯೆತ್ತಿದಳು.

"ಮೇಡಂ, ಯಾರು ಬೇಕಾದ್ರೂ ಕಲೀಬಹುದು ಅಂದ್ರಿ. ಕಲೀದೇ ಇರೋಕೂ ಆಗುತ್ತಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಕಲಿಸುವವಳೂ ನಕ್ಕಳು. "ಒಳ್ಳೆ ಪ್ರಶ್ನೆ," ಅಂದು ಮುಂದಿನ ಪಾಠಕ್ಕೆ ಹೋದಳು.

ಆದರೂ ಕಲಿತಳು. ಚಿಕ್ಕ ವಾಕ್ಯದಲ್ಲಿ ಹೇಳಿ. ಹೇಳುವಾಗ ಕಣ್ಣು ನೋಡಿ. ಕ್ಷಮೆ ಕೇಳಬೇಡಿ. ಹೇಳಿದ ಮೇಲೆ ಬಾಯಿ ಮುಚ್ಚಿ ಕಾಯಿರಿ, ಮೌನವನ್ನು ನೀವಾಗಿ ಮುರಿಯಬೇಡಿ. ಎಲ್ಲವನ್ನೂ ಗುಂಡಗೆ ಬರೆದುಕೊಂಡಳು. ಮನೆಯಲ್ಲಿ ಗಂಡನ ಮೇಲೆ ಮೊದಲ ಪ್ರಯೋಗ ನಡೆಯಿತು. ಅವನು ಚಹಾ ಕುಡಿದ ಲೋಟ ಕುರ್ಚಿಯ ಕಾಲಿನ ಪಕ್ಕ ಇಟ್ಟಿದ್ದ.

"ಲೋಟ ತೊಳೆದಿಡಿ," ಅಂದಳು, ಕಣ್ಣಲ್ಲಿ ಕಣ್ಣಿಟ್ಟು.

ಅವನು ಎದ್ದು ಹೋಗಿ ತೊಳೆದಿಟ್ಟು ಬಂದ. ಬಂದ ಮೇಲೆ ಗಾಬರಿಯಾಗಿ ಕೇಳಿದ, "ಏನಾಯ್ತೇ ನಿಂಗೆ?"

ಸೋಮವಾರ ಗಡಿಯಾರನ ಮುಂದೆ ನಿಂತಳು. "ಎರಡನೇ ಯಂತ್ರಕ್ಕೆ ಬಟ್ಟೆ ತುಂಬಿ ಅಣ್ಣ."

"ತುಂಬೋಣ, ಅದೇನು..."

ಅವಳು ಮಾತಾಡಲಿಲ್ಲ, ಕದಲಲೂ ಇಲ್ಲ. ಅವನು ಗೋಡೆ ನೋಡಿದ, ನೆಲ ನೋಡಿದ, ಅವಳನ್ನು ನೋಡಿದ. ಹೋಗಿ ತುಂಬಿದ. ಮೂರು ಹೆಜ್ಜೆ ದೂರದಲ್ಲಿ ಗುಬ್ಬಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಮೇಸ್ತ್ರಿ ಮಗಳಿಗೆ ಖುಷಿಯಾಗಬೇಕಿತ್ತು. ಆದದ್ದು ಮಾತ್ರ, ತಾನು ಒಳಗೆ ಬಂದ ಮೇಲೆ ಹಿಂದೆ ಯಾರೋ ಬಾಗಿಲೆಳೆದುಕೊಂಡ ಸದ್ದು ಕೇಳಿದಂಥ ಅನುಭವ. ತಿಂಗಳೊಪ್ಪತ್ತಿನಲ್ಲಿ ಗುಡ್ಡೆ ಕರಗಿತು. ಥಿಯೇಟರಿನ ನರ್ಸು ಮತ್ತೆ ಇಳಿದು ಬರಲಿಲ್ಲ.

ಆಮೇಲೆ ಬಂತು ರೋಲರಿನ ಪ್ರಕರಣ.

ರೋಲರು ಅಂದರೆ ಎರಡು ಆಳಿನಷ್ಟು ಅಗಲದ ಬಿಸಿ ಉರುಳೆ. ಒದ್ದೆ ಬೆಡ್‌ಶೀಟನ್ನು ಇತ್ತಕಡೆಯಿಂದ ಕೊಟ್ಟರೆ ಅತ್ತಕಡೆ ಇಸ್ತ್ರಿಯಾಗಿ ಬರುತ್ತದೆ. ಕೊಡುವವರ ಬೆರಳು ಒಳಗೆ ಹೋಗದಿರಲಿ ಅಂತ ಮುಂದೆ ಒಂದು ಅಡ್ಡಸರಳು ಇರುತ್ತದೆ. ಅದಕ್ಕೆ ಕೈ ತಾಗಿದರೆ ಸಾಕು, ಉರುಳೆ ತಟ್ಟನೆ ನಿಲ್ಲಬೇಕು. ಆದರೆ ಆ ಸರಳು ಯಾವ ಕಾಲದಲ್ಲೋ ಬಾಗಿ, ಬಟ್ಟೆಯ ಸುಕ್ಕು ತಾಗಿದರೂ ಯಂತ್ರ ನಿಲ್ಲುತ್ತಿತ್ತು. ಕೆಲಸ ಕೆಡುತ್ತದೆಂದು ಅಪ್ಪ ಅದನ್ನು ತಂತಿಯಿಂದ ಬಿಗಿದು ಕಟ್ಟಿಬಿಟ್ಟಿದ್ದರು. ಅಂದಿನಿಂದ ರೋಲರು ನಿಂತದ್ದಿಲ್ಲ.

ತಿಂಗಳ ಕೊನೆಯಲ್ಲಿ ಅವಳ ಮೇಜಿಗೆ ಒಂದು ಕಾಗದ ಬಂತು. ಎಲ್ಲ ಯಂತ್ರಗಳ ರಕ್ಷಣಾ ವ್ಯವಸ್ಥೆ ಸರಿಯಾಗಿದೆ, ಕೆಳಗೆ ಸಹಿ. ಹಿಂದಿನ ಎರಡು ತಿಂಗಳು ಓದದೆ ಸಹಿ ಹಾಕಿದ್ದಳು. ಈ ಸಲ ಓದಿದಳು. ಓದಿ ತಲೆಯೆತ್ತಿದರೆ ಗಾಜಿನಾಚೆ ಗುಬ್ಬಿ ಕಾಣುತ್ತಿದ್ದಳು, ಪಕ್ಕದವಳಿಗೆ ಏನೋ ಹೇಳಿ ನಗುತ್ತ, ಬೆಡ್‌ಶೀಟಿನ ಅಂಚನ್ನು ಉರುಳೆಗೆ ಕೊಡುತ್ತ. ಬೆರಳಿಗೂ ಉರುಳೆಗೂ ಎರಡಂಗುಲ ಅಂತರ. ಹತ್ತೊಂಬತ್ತು ವರ್ಷ ಅದೇ ಅಂತರವನ್ನು ಮಡಿಸುವ ಮೇಜಿನಿಂದ ನೋಡಿದ್ದಳು. ಆಗ ಅದು ಗುಬ್ಬಿಯ ಬೆರಳಾಗಿತ್ತು, ಅವಳ ಎಚ್ಚರ ಅವಳಿಗೆ. ಇವತ್ತು ತನ್ನ ಪೆನ್ನಿನ ತುದಿಯಲ್ಲಿ ಬಂದು ಕೂತಿತ್ತು.

ಕಾಗದ ಹಿಡಿದು ಮೇಲೆ ಹೋದರೆ ಮ್ಯಾನೇಜರು ಅಂದರು, "ಸಹಿ ಮಾಡಿ ಕಳಿಸಮ್ಮ. ರಿಪೇರಿ ಮುಂದಿನ ತಿಂಗಳು ನೋಡೋಣ."

ಅವಳು ಕೆಳಗೆ ಬಂದು ರೋಲರಿನ ಸ್ವಿಚ್ಚು ಆರಿಸಿದಳು. ಇಕ್ಕಳ ತಂದು ತಂತಿ ಕತ್ತರಿಸಿದಳು. ಸರಳು ಸಡಿಲವಾಗಿ ಜೋತುಬಿತ್ತು. ಮತ್ತೆ ಸ್ವಿಚ್ಚು ಹಾಕಿದರೆ ಯಂತ್ರ ಕದಲಲಿಲ್ಲ.

"ರಿಪೇರಿ ಆಗೋ ತನಕ ಇದು ಓಡಲ್ಲ," ಅಂದಳು.

"ಹುಚ್ಚಾ ನಿಂಗೆ?" ಅಂದಳು ಗುಬ್ಬಿ. "ನಂಗೇ ಭಯ ಇಲ್ಲ, ನಿಂಗ್ಯಾಕೆ?"

ಇದ್ದ ಐದು ಇಸ್ತ್ರಿಪೆಟ್ಟಿಗೆ ತೆಗೆಸಿದಳು. ಒಂದು ದಿನಕ್ಕೆ ಎಂಟುನೂರು ಬೆಡ್‌ಶೀಟು ಐದು ಇಸ್ತ್ರಿಪೆಟ್ಟಿಗೆಗೆ ಎಲ್ಲಿ ಬಗ್ಗುತ್ತವೆ? ಸಂಜೆಯಷ್ಟರಲ್ಲಿ ಹೆಂಗಸರ ಭುಜ ಬಿದ್ದುಹೋಗಿತ್ತು. ಎರಡನೇ ದಿನ ಒದ್ದೆ ಬಟ್ಟೆ ಹಗ್ಗ, ಕುರ್ಚಿ, ನಲ್ಲಿ ಕೊಳವೆ ಎಲ್ಲೆಂದರಲ್ಲಿ ಜೋತಾಡಿತು. ಮೂರನೇ ಮಹಡಿಯಲ್ಲಿ ರೋಗಿಗಳು ಬರೀ ಹಾಸಿಗೆಯ ಮೇಲೆ ಮಲಗಿದ್ದಾರೆ ಅಂತ ಫೋನು ಬಂತು. ಯಾರೂ ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಬೆನ್ನ ಹಿಂದೆ ಮಾತ್ರ, ಬೇಕೆಂದೇ ಕೇಳುವ ಹಾಗೆ, "ಮೇಸ್ತ್ರಿ ಇದ್ದಿದ್ರೆ" ಅನ್ನುತ್ತಿದ್ದರು.

ಮೂರನೇ ದಿನ ಹನ್ನೊಂದು ಗಂಟೆಗೆ ಮೇಸ್ತ್ರಿಯೇ ಬಂದರು. ಮ್ಯಾನೇಜರು ಆಸ್ಪತ್ರೆಯ ಕಾರು ಕಳಿಸಿ ಕರೆಸಿದ್ದರು. ಅಪ್ಪ ತೊಳೆದ ಅಂಗಿ ತೊಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಲ್ಲಿ ನಿಂತು ಎರಡು ಸಲ ಚಪ್ಪಾಳೆ ತಟ್ಟಿದರು.

"ಏನ್ರಪ್ಪಾ, ಇದೇನು ಲಾಂಡ್ರಿನೋ ಮಳೆಗಾಲದ ಬಸ್ ಸ್ಟ್ಯಾಂಡೋ?"

ಮೂರು ದಿನದಿಂದ ನಗದವರು ನಕ್ಕರು. ಅಪ್ಪ ಒಬ್ಬೊಬ್ಬರ ಹತ್ತಿರವೂ ಹೋದರು. ಗುಬ್ಬಿಯ ಮಗಳ ಪರೀಕ್ಷೆ ಏನಾಯಿತು ಅಂತ ಕೇಳಿದರು. ಇನ್ನೊಬ್ಬಳ ಅತ್ತೆಯ ಮಂಡಿನೋವು ಅವರಿಗೆ ನೆನಪಿತ್ತು. ಬೆನ್ನು ತಟ್ಟಿದರು, ಗದರಿದರು, ಗದರುವಾಗಲೂ ನಗಿಸಿದರು. ಬಾಡಿ ನಿಂತವರೆಲ್ಲ ಹತ್ತು ನಿಮಿಷದಲ್ಲಿ ನೀರು ಹಾಕಿದ ಗಿಡದ ಹಾಗೆ ನೆಟ್ಟಗಾದರು. ಅವಳು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಇದು ಯಾವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೂ ತನಗೆ ಬರುವುದಿಲ್ಲ ಅನ್ನಿಸಿತು. ಅಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ. ಅವರಲ್ಲಿ ಅದು ಇತ್ತು.

ಅಪ್ಪ ಡ್ರಾಯರಿನಿಂದ ತಂತಿಯ ಸುರುಳಿ ತೆಗೆದು ರೋಲರಿನ ಮುಂದೆ ಬಗ್ಗಿದರು. ಯಾರೂ ಹೇಳದಿದ್ದರೂ ಎಲ್ಲರೂ ತಂತಮ್ಮ ಜಾಗಕ್ಕೆ ಹೋಗಿ ನಿಂತರು. ಗುಬ್ಬಿ ಬೆಡ್‌ಶೀಟು ಕೈಗೆತ್ತಿಕೊಂಡಳು.

ಅವಳು ಹೋಗಿ ಸ್ವಿಚ್ಚಿಗೆ ಅಡ್ಡ ನಿಂತಳು. "ಅಪ್ಪ, ಬೇಡ."

"ಸರಿ ಸರಿ, ಆಮೇಲೆ ಮಾತಾಡೋಣ."

"ತಂತಿ ಕಟ್ಟಬೇಡಿ."

ಅಪ್ಪ ಬೆನ್ನು ನೆಟ್ಟಗೆ ಮಾಡಿದರು. ಎಲ್ಲರಿಗೂ ಕೇಳುವ ಹಾಗೆ, ಮಗುವಿಗೆ ಹೇಳುವ ದನಿಯಲ್ಲಿ ಅಂದರು, "ಇಪ್ಪತ್ತಾರು ವರ್ಷ ಕಣಮ್ಮ. ನಾನಿದ್ದಾಗ ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ."

ಅವಳು ಕಲಿತ ಹಾಗೆ ಸುಮ್ಮನೆ ನಿಂತಳು, ಅಪ್ಪನ ಕಣ್ಣನ್ನು ನೋಡುತ್ತ.

"ಬಿದ್ದಿದೆ ಮೇಸ್ತ್ರಿ," ಅಂದ ಗಡಿಯಾರ.

ಅವನು ಜೇಬಿನಿಂದ ಎಡಗೈ ತೆಗೆದ. ನಡುಬೆರಳು, ಉಂಗುರದ ಬೆರಳು ಎರಡೂ ತುದಿಯಲ್ಲಿ ಚಪ್ಪಟೆಯಾಗಿ, ಉಗುರಿಲ್ಲದೆ ಮಿರುಗುತ್ತಿದ್ದವು. ಅಲ್ಲಿದ್ದ ಹಳಬರಿಗೆಲ್ಲ ಅದು ಗೊತ್ತಿತ್ತು. ಗುಬ್ಬಿ ಸೇರುವ ಮೊದಲು ರೋಲರಿಗೆ ಬಟ್ಟೆ ಕೊಡುತ್ತಿದ್ದವನು ಅವನೇ. ಬೆರಳು ಸಿಕ್ಕ ದಿನ ಮೇಸ್ತ್ರಿ ತಾವೇ ಎತ್ತಿಕೊಂಡು ಮೇಲಕ್ಕೆ ಓಡಿದ್ದರು, ಮನೆಯ ಬಾಗಿಲಲ್ಲಿ ಜಜ್ಜಿತು ಅಂತ ಬರೆಸಿದ್ದರು. ಗಾಯ ಮಾದ ಮೇಲೆ ಒಗೆಯುವ ಯಂತ್ರದ ಹಗುರ ಕೆಲಸಕ್ಕೆ ಹಾಕಿ, ಇಷ್ಟು ವರ್ಷ ಅವನ ಸೋಮಾರಿತನವನ್ನೂ ಸಹಿಸಿಕೊಂಡಿದ್ದರು.

"ನಿನ್ನನ್ನ ನಾನು ಕೈಬಿಟ್ಟೆನೇನೋ?" ಅಪ್ಪನ ದನಿ ಮೊದಲ ಸಲ ನಡುಗಿತು.

"ಇಲ್ಲ ಮೇಸ್ತ್ರಿ. ತಮ್ಮನ ಹಾಗೆ ನೋಡ್ಕೊಂಡ್ರಿ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ."

ಅಪ್ಪ ತಂತಿಯ ಸುರುಳಿಯನ್ನು ಮೇಜಿನ ಮೇಲಿಟ್ಟರು. ತಿರುಗಿ ಮೆಟ್ಟಿಲ ಕಡೆ ನಡೆದರು. ಮೊದಲ ಮೆಟ್ಟಿಲಿಗೆ ಕಾಲು ಸಿಗದೆ ಒಮ್ಮೆ ಎಡವಿದರು. ಅವಳಿಗೆ ಓಡಿಹೋಗಿ ತೋಳು ಹಿಡಿಯಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟಳು. ಆದರೆ ಹದಿಮೂರು ಜನ ಅವಳನ್ನೇ ನೋಡುತ್ತಿದ್ದರು.

"ಈಗೇನು ಮಾಡೋಣ?" ಅಂದಳು ಗುಬ್ಬಿ.

ಆ ಪ್ರಶ್ನೆ ಅವಳ ಕಾಲಿಗೆ ಹಗ್ಗದ ಹಾಗೆ ಸುತ್ತಿಕೊಂಡಿತು. ಅವಳು ತಿರುಗಿದಳು. "ಐದು ಜನ ಇಸ್ತ್ರಿಗೆ. ಗಂಟೆಗೊಮ್ಮೆ ಬದಲಾಯಿಸಿ. ಮೂರನೇ ಮಹಡಿ ಬಟ್ಟೆ ಮೊದಲು." ಹಿಂದಿನಿಂದ ಮೆಟ್ಟಿಲಿನ ಮೇಲೆ ಅಪ್ಪನ ಚಪ್ಪಲಿಯ ಸದ್ದು ನಿಧಾನವಾಗಿ ಮೇಲೇರಿ ಹೋಯಿತು.

ಬೇರೆ ದಾರಿಯಿಲ್ಲದೆ ಮ್ಯಾನೇಜರು ಕರೆಸಿದ ಮೆಕ್ಯಾನಿಕ್ ಮರುದಿನ ಬೆಳಿಗ್ಗೆ ಬಂದ. ಸರಳು ನೆಟ್ಟಗಾಗಲು ಹಿಡಿದದ್ದು ಒಂದೂವರೆ ಗಂಟೆ.

ಆಮೇಲೆ ಎಲ್ಲರೂ ಅವಳ ಗೆಲುವನ್ನು ತಂತಮ್ಮದು ಮಾಡಿಕೊಂಡರು. ಮ್ಯಾನೇಜರು ಮೇಲಿನವರ ಮುಂದೆ ಅವಳನ್ನು ನಿಲ್ಲಿಸಿ, "ನಾನು ಹೇಳಲಿಲ್ವಾ ಸಾರ್, ರಕ್ತದಲ್ಲೇ ಇದೆ ಅಂತ," ಅಂದರು. ಲಾಂಡ್ರಿ ಮುಚ್ಚುವ ಮಾತು ಬಿದ್ದುಹೋಯಿತು. ತರಬೇತಿಯ ಹೆಂಗಸಿಗೂ ಹೇಗೋ ಸುದ್ದಿ ಮುಟ್ಟಿ ಫೋನು ಮಾಡಿದಳು. "ಕಲಿತದ್ದನ್ನ ಎಷ್ಟು ಚೆನ್ನಾಗಿ ಬಳಸಿದ್ರಿ! ಮುಂದಿನ ಬ್ಯಾಚಿಗೆ ಬಂದು ನಾಲ್ಕು ಮಾತಾಡ್ತೀರಾ?" ಅಪ್ಪ ಎರಡು ವಾರ ಅವಳೊಂದಿಗೆ ಮಾತು ಬಿಟ್ಟಿದ್ದರು. ಮೂರನೇ ವಾರ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಗೋಡೆಯಾಚೆ ಕೇಳಿಸಿತು: "ನನಗೇ ಎದುರು ನಿಂತ್ಲು ಕಣ್ರೀ. ಯಾರ ಮಗಳು!"

ಕೆಲಸದಲ್ಲಿ ಈಗ ಅಡ್ಡಿಯಿರಲಿಲ್ಲ. ಅವಳು ಹೇಳುವಳು, ಅವರು ಮಾಡುವರು. ಮಡಿಸುವ ಮೇಜಿಗೆ ಬೇರೆಯವಳು ಬಂದಿದ್ದಳು. ಮೇಸ್ತ್ರಿ ಮಗಳು ಹತ್ತಿರ ಹೋಗಿ ಒಂದು ಬೆಡ್‌ಶೀಟು ಎತ್ತಿಕೊಂಡರೂ "ನೀವು ಬಿಡಿ, ನಾನು ಮಾಡ್ತೀನಿ" ಅಂತ ಕೈಯಿಂದ ಕಸಿದುಕೊಳ್ಳುವರು. ಊಟದ ಹೊತ್ತಿಗೆ ಅವಳು ಬಂದರೆ ಬೆಂಚಿನಲ್ಲಿ ಜಾಗ ಮಾಡಿಕೊಡುವರು, ಬೇಕಾದ್ದಕ್ಕಿಂತ ಜಾಸ್ತಿ ಜಾಗ. ಮಾತು ನಿಂತುಹೋಗುತ್ತಿತ್ತು. ಒಂದು ಮಧ್ಯಾಹ್ನ ಗುಬ್ಬಿ, "ನೀವು ಊಟ ಮಾಡಿದ್ರಾ?" ಅಂದಳು.

"ಏನಂದೆ?"

"ಊಟ ಆಯ್ತಾ ಅಂದೆ."

"ಅಲ್ಲ. ನೀವು ಅಂದೆ."

ಗುಬ್ಬಿ ಕೆಂಪಾದಳು. "ಎಲ್ಲರೂ ಅಂತಾರಲ್ಲ. ನಾನೊಬ್ಬಳು ಹೋಗೇ ಬಾರೇ ಅಂದ್ರೆ ಚೆನ್ನಾಗಿರುತ್ತಾ?"

ಅವಳು ಅವತ್ತು ಗಾಜಿನ ಕೋಣೆಯಲ್ಲಿ ಊಟ ಮಾಡಿದಳು. ಆಮೇಲೆ ಅದೇ ಅಭ್ಯಾಸವಾಯಿತು.

ವರ್ಷ ಮುಗಿಯುವ ಹೊತ್ತಿಗೆ ಅಪ್ಪನ ಕಣ್ಣಿನ ಪೊರೆಯ ಆಪರೇಷನ್ ನಿಕ್ಕಿಯಾಯಿತು. ಅವಳು ಎಂಟು ದಿನ ರಜೆ ಹಾಕಿದಳು. ಬೀಗದ ಕೈಗಳನ್ನು ಗುಬ್ಬಿಯ ಕೈಗಿಟ್ಟು, ಪಟ್ಟಿ ಬರೆಯುವುದು ಹೇಗೆ, ಯಾವ ಮಹಡಿಗೆ ಎಷ್ಟು ಅನ್ನುವುದನ್ನೆಲ್ಲ ಎರಡು ದಿನ ಕೂರಿಸಿ ಹೇಳಿಕೊಟ್ಟಳು. ಗುಬ್ಬಿಗೆ ಕಲಿಯುವ ಆಸೆ ಕಣ್ಣಲ್ಲೇ ಇತ್ತು. ರಜೆಯಲ್ಲಿ ಪ್ರತಿ ಸಲ ಫೋನು ಬಡಿದಾಗಲೂ ಲಾಂಡ್ರಿಯದೇ ಅಂದುಕೊಂಡಳು. ಒಂದು ಸಲವೂ ಅಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಇಳಿದು ಬಂದಾಗ ಕೊಳವೆಯ ಕೆಳಗೆ ನೆಲ ಕಾಣುತ್ತಿತ್ತು. ಒಗೆಯುವ ಮೂರೂ ಯಂತ್ರಗಳು ಓಡುತ್ತಿದ್ದವು. ಗಡಿಯಾರ ತಾನಾಗಿಯೇ ಬಟ್ಟೆ ತುಂಬುತ್ತಿದ್ದ. ಗುಬ್ಬಿ ರೋಲರಿನ ಪಕ್ಕ ನಿಂತು, ಮಾತಾಡುತ್ತ, ನಗುತ್ತ, ಆಗೊಮ್ಮೆ ಈಗೊಮ್ಮೆ ಗದರುತ್ತ ಎಲ್ಲರನ್ನೂ ಓಡಿಸುತ್ತಿದ್ದಳು.

"ಇನ್ನೆರಡು ದಿನ ಇದ್ದು ಬರಬಹುದಿತ್ತು," ಅಂದಳು ಗುಬ್ಬಿ. "ಇಲ್ಲೇನೂ ತೊಂದ್ರೆ ಆಗಲಿಲ್ಲ."

ಇದೇ ತಾನೆ ತನಗೆ ಬೇಕಿದ್ದದ್ದು. ಆದರೆ ಅವಳ ಕಣ್ಣು ಆಗಲೇ ಕಪಾಟಿನ ಮೇಲೆ ಓಡುತ್ತಿತ್ತು. "ದಿಂಬಿನ ಚೀಲ ಇಲ್ಲಿಟ್ಟವರು ಯಾರು? ಕೆಳಗಿನ ಸಾಲಲ್ಲಿ ತಾನೆ ಇರಬೇಕು?"

"ಇಲ್ಲಿದ್ರೆ ಬೇಗ ಕೈಗೆ ಸಿಗುತ್ತೆ ಅಂತ..."

"ಕೆಳಗಿಡು."

ಗುಬ್ಬಿ ಅವಳ ಮುಖ ನೋಡಿ, ಬಗ್ಗಿ ಒಂದೊಂದೇ ಕಟ್ಟು ಕೆಳಗಿಟ್ಟಳು. ಗುಬ್ಬಿ ಹೇಳಿದ್ದೇ ಸರಿ, ಮೇಲಿದ್ದರೇ ಬೇಗ ಸಿಗುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಧ್ಯಾಹ್ನ ಅವಳು ಗುಬ್ಬಿಯನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಈ ಕೆಲಸ ನೀನೇ ತಗೋತೀಯಾ? ಪೂರ್ತಿಯಾಗಿ?"

ಗುಬ್ಬಿ ಎಷ್ಟೋ ತಿಂಗಳ ಮೇಲೆ ಮೊದಲ ಸಲ, "ನಿಜ ಹೇಳ್ತಿದ್ದೀಯೇನೇ?" ಅಂದಳು.

ಅವಳು ಮೇಲಕ್ಕೆ ಹೋದಳು. ಮ್ಯಾನೇಜರು ಪೂರ್ತಿ ಕೇಳಿಸಿಕೊಂಡರು, ಎಂಟು ದಿನದ ಲೆಕ್ಕ ಎಲ್ಲ. ಕೇಳಿ ಜೋರಾಗಿ ನಕ್ಕರು.

"ಅವಳಾ? ಆ ಕುಳ್ಳಿ? ಅವಳು ಯಾರ ಮಗಳು ಹೇಳು? ಎಂಟು ದಿನ ನೀನು ಹಾಕಿಕೊಟ್ಟ ದಾರೀಲಿ ನಡೆದಿದೆ ಅಷ್ಟೆ. ಇದೆಲ್ಲ ಎಲ್ಲರಿಗೂ ಬರೋದಲ್ಲಮ್ಮ. ಹೋಗು, ತಲೆ ಕೆಡಿಸ್ಕೋಬೇಡ."

ಚಿಕ್ಕ ವಾಕ್ಯದಲ್ಲಿ ಹೇಳಬೇಕಿತ್ತು. ಅವಳಿಗೆ ಬರುತ್ತೆ ಸಾರ್, ನನಗಿಂತ ಚೆನ್ನಾಗಿ ಬರುತ್ತೆ. ಕಣ್ಣು ನೋಡಿ ಹೇಳಿ, ಬಾಯಿ ಮುಚ್ಚಿ ಕಾಯಬೇಕಿತ್ತು. ಅಪ್ಪನ ಮುಂದೆ ನಿಂತವಳಿಗೆ ಈ ಮನುಷ್ಯ ಯಾವ ಲೆಕ್ಕ? ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರು ಬೇಡ ಅಂದ ಆ ಕ್ಷಣದಲ್ಲಿ ತನ್ನೊಳಗೆ ಏನೋ ಹಗುರಾದದ್ದು ಅವಳಿಗೆ ತಿಳಿದುಹೋಗಿತ್ತು. ಗುಬ್ಬಿಗೆ ಕೊಡಲಿಲ್ಲವಲ್ಲ ಅನ್ನುವ ನೆಮ್ಮದಿ. ಅದು ತನ್ನದೇ ನೆಮ್ಮದಿ ಅಂತ ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಬೇಡ ಬೇಡ ಅಂತ ಬಂದ ಜಾಗವನ್ನು ತಾನೇ ಯಾವಾಗ ಒಳಗಿಂದ ಗಟ್ಟಿಯಾಗಿ ಹಿಡಿದುಕೊಂಡೆ?

"ಸರಿ ಸಾರ್," ಅಂದಳು.

ಮೆಟ್ಟಿಲ ಕೆಳಗೆ ಗುಬ್ಬಿ ಕಾಯುತ್ತಿದ್ದಳು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

"ಏನಂದ್ರು?"

"ನೋಡೋಣ ಅಂದ್ರು."

"ಅಂದ್ರೆ ಆಗಲ್ಲ ಅಂತಲಾ?"

"ನೋಡೋಣ ಅಂದ್ರು ಅಂದ್ನಲ್ಲ."

"ನೀನು ಹೇಳಿದೆ ತಾನೆ? ಗಟ್ಟಿಯಾಗಿ?"

"ಹೇಳಿದೆ."

ಗುಬ್ಬಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಹತ್ತೊಂಬತ್ತಲ್ಲ, ಈಗ ಇಪ್ಪತ್ತು ವರ್ಷದಿಂದ ನೋಡುತ್ತಿದ್ದ ಮುಖ. "ಸರಿ ಬಿಡಿ," ಅಂದು ರೋಲರಿನ ಕಡೆ ಹೋದಳು.

ಅವಳು ಗಾಜಿನ ಕೋಣೆಗೆ ಹೋಗಿ ಕೂತಳು. ಮರುದಿನದ ಕೆಲಸದ ಪಟ್ಟಿ ಬರೆಯುವ ಹೊತ್ತಾಗಿತ್ತು. ಒಗೆಯುವುದಕ್ಕೆ ಯಾರು, ಹಿಂಡುವುದಕ್ಕೆ ಯಾರು ಅಂತ ಬರೆದಳು. ರೋಲರ್ ಅಂತ ಇದ್ದ ಕಡೆ ಗುಬ್ಬಿಯ ಹೆಸರು ಬರೆದಳು. ಹೊರಗೆ ಯಾರೋ ಕೈಯೆತ್ತಿ, ಥಿಯೇಟರಿನ ಬಟ್ಟೆ ಮೊದಲು ಕಳಿಸಬೇಕೋ ವಾರ್ಡಿನದೋ ಅಂತ ಸನ್ನೆಯಲ್ಲೇ ಕೇಳಿದರು. ಅವಳು ತಲೆಯೆತ್ತಿ, ಥಿಯೇಟರಿನದು ಅಂತ ಬೆರಳು ತೋರಿಸಿದಳು.